ಫೈಲ್ ಸರ್ವರ್ ಒಳಗೆ ಬಿಡದಿದ್ದಾಗ: ಲಾಗಿನ್ ವೈಫಲ್ಯಗಳ ಒಂದು ಸಮೀಕ್ಷೆ

ಫೈಲ್ ಸರ್ವರ್‌ಗೆ ಲಾಗಿನ್ ಆಗುತ್ತಿಲ್ಲ ಎಂಬ ದೂರು ಬಂದ ಕೂಡಲೇ ಎಲ್ಲರೂ ಮೊದಲು ಮಾಡುವ ಕೆಲಸ ಪಾಸ್‌ವರ್ಡ್ ಬದಲಿಸುವುದು. ಇದರಿಂದ ಕೆಲವೊಮ್ಮೆ ಸಮಸ್ಯೆ ಬಗೆಹರಿಯುತ್ತದೆ. ಎಷ್ಟೋ ಸಲ ಮಾತ್ರ ಇರುವ ತೊಡಕಿನ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ಲಾಗಿನ್ ಎಂಬುದು ನೋಡುವವರಿಗೆ ಒಂದೇ ಕ್ರಿಯೆಯಾದರೂ ಒಳಗೆ ಹಲವು ಮಜಲುಗಳ ಮಾತುಕತೆ. ಮೊದಲು ಸರ್ವರ್‌ನ ಹೆಸರಿನಿಂದ ಅದರ ವಿಳಾಸ ಸಿಗಬೇಕು, ಆ ವಿಳಾಸದಲ್ಲಿ ಪೋರ್ಟ್ ತೆರೆದಿರಬೇಕು, ಎರಡೂ ಯಂತ್ರಗಳಿಗೆ ಗೊತ್ತಿರುವ ಪ್ರೋಟೊಕಾಲ್ ಆವೃತ್ತಿಯೊಂದು ಒಪ್ಪಿತವಾಗಬೇಕು. ಆಮೇಲೆ ಬಂದವರು ಯಾರು ಎಂಬುದು ರುಜುವಾತಾಗಬೇಕು, ಆ ಖಾತೆ ಚಾಲ್ತಿಯಲ್ಲಿರಬೇಕು, ಕೊನೆಗೆ ಕೇಳಿದ ಫೋಲ್ಡರ್‌ಗೆ ಅನುಮತಿಯೂ ಇರಬೇಕು. ಪಾಸ್‌ವರ್ಡ್‌ಗೆ ಪಾತ್ರವಿರುವುದು ಈ ಸಾಲಿನ ನಡುವೆ ಒಂದೇ ಒಂದು ಕಡೆ.

ವಿಂಡೋಸ್ ಸರ್ವರ್ ಆಗಲಿ, ಲಿನಕ್ಸ್ ಮೇಲೆ ಸಾಂಬಾ ಓಡುತ್ತಿರುವ ಹಳೆಯ ಡೆಸ್ಕ್‌ಟಾಪ್ ಆಗಲಿ, ಅಂಗಡಿಯಿಂದ ತಂದು ರೂಟರ್ ಪಕ್ಕ ಇಟ್ಟ ನ್ಯಾಸ್ ಪೆಟ್ಟಿಗೆಯಾಗಲಿ, ಕಚೇರಿಗಳಲ್ಲಿ ಇವು ಬಹುಮಟ್ಟಿಗೆ ಬಳಸುವುದು ಎಸ್‌ಎಂಬಿ ಎಂಬ ಒಂದೇ ಪ್ರೋಟೊಕಾಲನ್ನು. ಅದು 1980ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ರೂಪಿಸಿದ್ದು, ಮೈಕ್ರೋಸಾಫ್ಟ್ ಬೆಳೆಸಿದ್ದು. 1992ರಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಅದನ್ನು ಯುನಿಕ್ಸ್ ಯಂತ್ರಗಳಿಗೆ ಒಗ್ಗಿಸಲು ಬರೆದ ತಂತ್ರಾಂಶವೇ ಮುಂದೆ ಸಾಂಬಾ ಎನಿಸಿತು. ನಲವತ್ತು ವರ್ಷಗಳಲ್ಲಿ ಪ್ರೋಟೊಕಾಲ್ ಮೂರು ದೊಡ್ಡ ರೂಪಾಂತರ ಕಂಡಿದೆ, ಗುರುತು ಪರೀಕ್ಷಿಸುವ ವಿಧಾನ ಇನ್ನೂ ಹೆಚ್ಚು ಸಲ ಬದಲಾಗಿದೆ. ಇಂದಿನ ಲಾಗಿನ್ ವೈಫಲ್ಯಗಳಲ್ಲಿ ಬಹಳಷ್ಟು ಹುಟ್ಟುವುದು ಹಳೆಯ ರೂಢಿಯ ಯಂತ್ರವೊಂದು ಹೊಸ ನಿಯಮದ ಯಂತ್ರವನ್ನು ಎದುರಿಸಿದಾಗ.

ಪರದೆಯ ಮೇಲೆ ಬರುವ ಸಂದೇಶ ಅಷ್ಟು ನಂಬಿಕೆಗೆ ಅರ್ಹವಲ್ಲ. ಇದರಲ್ಲಿ ಅರ್ಧ ಉದ್ದೇಶಪೂರ್ವಕ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಸರ್ವರ್ ಬಿಡಿಸಿ ಹೇಳಿದರೆ ಕನ್ನ ಹಾಕುವವನಿಗೆ ಯಾವ ಹೆಸರುಗಳು ನಿಜ ಎಂಬುದು ತಿಳಿದುಬಿಡುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಉತ್ತರ, ಅದೇ ವಿಂಡೋಸ್‌ನ ಪ್ರಸಿದ್ಧ 1326. ಉಳಿದರ್ಧಕ್ಕೆ ಕಾರಣ ತಂತ್ರಾಂಶದ ಸೋಮಾರಿತನ. ಮಜಲು ಬೇರೆಯಾದರೂ ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಒಂದೇ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಹೀಗಾಗಿ ಫೈಲ್ ಎಕ್ಸ್‌ಪ್ಲೋರರ್‌ನ ಪೆಟ್ಟಿಗೆಯನ್ನು ಬಿಟ್ಟು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ ಕಮಾಂಡ್ ಕೊಡುವುದು ಲೇಸು. ಕನಿಷ್ಠ ಒಂದು ದೋಷಸಂಖ್ಯೆಯಾದರೂ ಕೈಗೆ ಸಿಗುತ್ತದೆ, ಸಂಖ್ಯೆ ಸಿಕ್ಕರೆ ಮಾತುಕತೆ ಯಾವ ಮಜಲಿನಲ್ಲಿ ಮುರಿಯಿತು ಎಂಬ ಸುಳಿವು ಸಿಕ್ಕಂತೆ.

ಸಂಖ್ಯೆ 53 ಆಗಿದ್ದರೆ ಪಾಸ್‌ವರ್ಡ್‌ನ ಮಾತೇ ಬೇಡ, ಸರ್ವರ್ ಇನ್ನೂ ಸಿಕ್ಕೇ ಇಲ್ಲ. ಹೆಸರಿಗೆ ತಪ್ಪು ವಿಳಾಸ ಬರುತ್ತಿರಬಹುದು, ಅಥವಾ ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ನಡುವಿನ ಫೈರ್‌ವಾಲ್ ಮುಚ್ಚಿರಬಹುದು. ಪಿಂಗ್‌ಗೆ ಉತ್ತರ ಬಂದಿತೆಂದು ಪೋರ್ಟ್ ತೆರೆದಿದೆ ಎನ್ನಲಾಗದು, ಉತ್ತರ ಬರಲಿಲ್ಲವೆಂದು ಮುಚ್ಚಿದೆ ಎನ್ನಲೂ ಆಗದು. 445ನ್ನು ಪವರ್‌ಶೆಲ್‌ನಿಂದ ನೇರವಾಗಿ ಪರೀಕ್ಷಿಸುವುದೇ ಸರಿ. ಮನೆಯಿಂದ ಕಚೇರಿಯ ಸರ್ವರ್ ತಲುಪಲು ಹೊರಟವರಿಗೆ ಇದು ಹೆಚ್ಚು ಕಾಡುತ್ತದೆ. ಅನೇಕ ಇಂಟರ್ನೆಟ್ ಕಂಪನಿಗಳು ಆ ಪೋರ್ಟನ್ನು ತಮ್ಮ ಕಡೆಯಿಂದಲೇ ತಡೆದಿರುತ್ತವೆ, ಮತ್ತು ತಡೆಯುವುದು ಒಳ್ಳೆಯದೇ. ಅಂಥವರಿಗೆ ವಿಪಿಎನ್ ಬಿಟ್ಟರೆ ಯೋಗ್ಯ ದಾರಿಯಿಲ್ಲ. ಸಂಖ್ಯೆ 67 ಬಂದರೆ ಹೆಚ್ಚಾಗಿ ಶೇರ್‌ನ, ಅಂದರೆ ಹಂಚಿದ ಫೋಲ್ಡರ್‌ನ, ಹೆಸರಿನ ಅಕ್ಷರ ತಪ್ಪಿರುತ್ತದೆ.

ಮುಂದಿನ ಮಜಲು ಆವೃತ್ತಿಯದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಲೋಪವನ್ನು ಹಿಡಿದು ಜಗತ್ತಿನಾದ್ಯಂತ ಹರಡಿತು. ಬ್ರಿಟನ್ನಿನ ಹಲವು ಸರ್ಕಾರಿ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಲೋಪಕ್ಕೆ ಎರಡು ತಿಂಗಳ ಮುಂಚೆಯೇ ಪ್ಯಾಚ್ ಬಂದಿತ್ತು, ಹಾಕಿಕೊಂಡಿರದವರು ಬಹಳ. ಮೊದಲ ಆವೃತ್ತಿಯನ್ನು ಕೈಬಿಡುವ ಯೋಚನೆ ಅದಕ್ಕೂ ಮುಂಚಿನದು. ಅದೇ ವರ್ಷದ ಶರತ್ಕಾಲದ ಅಪ್‌ಡೇಟ್‌ನಿಂದ, ಹೊಸದಾಗಿ ಇನ್‌ಸ್ಟಾಲ್ ಆಗುವ ವಿಂಡೋಸ್ 10ರಲ್ಲಿ ಅದು ತಾನಾಗಿ ಇರುವುದು ನಿಂತಿತು. ಸಾಂಬಾ ತನ್ನ 4.11ನೇ ಆವೃತ್ತಿಯಲ್ಲಿ, 2019ರಲ್ಲಿ, ಅದೇ ಹಾದಿ ಹಿಡಿಯಿತು. ಲಿನಕ್ಸ್ ಕರ್ನಲ್ 4.13 ಕೂಡ ಶೇರ್ ಮೌಂಟ್ ಮಾಡುವಾಗ ಹಳೆಯದನ್ನು ತಾನಾಗಿ ಬಳಸುವುದನ್ನು ಬಿಟ್ಟಿತು. ನಿನ್ನೆಯವರೆಗೆ ನಡೆಯುತ್ತಿದ್ದ ನ್ಯಾಸ್ ಹೊಸ ಲ್ಯಾಪ್‌ಟಾಪ್ ಬಂದ ದಿನ ‘ಕೆಟ್ಟುಹೋಗುವುದು’ ಈ ಕಾರಣದಿಂದ. ಲಿನಕ್ಸ್‌ನಲ್ಲಂತೂ ಈ ಸ್ಥಿತಿಗೆ ಬರುವ ದೋಷ 112, ‘ಹೋಸ್ಟ್ ಡೌನ್ ಆಗಿದೆ’ ಎಂದು. ಹೋಸ್ಟ್ ಆರೋಗ್ಯವಾಗಿಯೇ ಇರುತ್ತದೆ, ಆವೃತ್ತಿ ಹೊಂದಿರುವುದಿಲ್ಲ ಅಷ್ಟೆ. ಈ ಒಂದು ಸಂದೇಶವನ್ನು ನಂಬಿ ಕೇಬಲ್, ಸ್ವಿಚ್‌ಗಳನ್ನೆಲ್ಲ ಬದಲಿಸಿ ನೋಡುವವರಿದ್ದಾರೆ. ಮೌಂಟ್ ಕಮಾಂಡ್‌ನಲ್ಲಿ ಆವೃತ್ತಿಯನ್ನು ಸ್ಪಷ್ಟವಾಗಿ ಕೊಟ್ಟು ನೋಡಿದರೆ ಒಂದು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ.

ಹಳೆಯ ಆವೃತ್ತಿಯನ್ನು ಮತ್ತೆ ಆನ್ ಮಾಡುವ ಸಲಹೆ ಸುಲಭವಾಗಿ ಸಿಗುತ್ತದೆ. ಸಾಧನಕ್ಕೆ ಹೊಸ ಫರ್ಮ್‌ವೇರ್ ಇದೆಯೇ ಎಂದು ನೋಡುವ ಮುಂಚೆ ಆ ಸಲಹೆ ಪಾಲಿಸಬಾರದು. ಹೆಚ್ಚು ಕಾಟ ಕೊಡುವುದು ಕಚೇರಿಯ ಮೂಲೆಯಲ್ಲಿರುವ ದೊಡ್ಡ ಜೆರಾಕ್ಸ್ ಯಂತ್ರ. ಸ್ಕ್ಯಾನ್ ಮಾಡಿದ್ದನ್ನು ನೇರ ಸರ್ವರ್‌ನ ಫೋಲ್ಡರ್‌ಗೆ ಹಾಕುವ ಸೌಲಭ್ಯ ಅದರಲ್ಲಿರುತ್ತದೆ. ಹಳೆಯ ಮಾದರಿಗಳಿಗೆ ಮೊದಲ ಆವೃತ್ತಿ ಬಿಟ್ಟರೆ ಬೇರೆ ಬಾರದು. ಫರ್ಮ್‌ವೇರ್ ಸಿಗದಿದ್ದರೆ ಅದರ ಸ್ಕ್ಯಾನ್‌ಗಳನ್ನು ಇಮೇಲ್‌ಗೆ ಅಥವಾ ಎಫ್‌ಟಿಪಿಗೆ ತಿರುಗಿಸುವುದು, ಇಡೀ ಸರ್ವರ್‌ನ ಭದ್ರತೆಯನ್ನು ಒಂದು ಯಂತ್ರಕ್ಕಾಗಿ ಸಡಿಲಿಸುವುದಕ್ಕಿಂತ ಮೇಲು.

ಗುರುತಿನ ಪರೀಕ್ಷೆಯ ಮಜಲಿಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಪಾಸ್‌ವರ್ಡ್ ಸರಿಯೇ ಎಂಬುದಲ್ಲ, ಕಳಿಸಿದ್ದು ಯಾರ ಹೆಸರಿನ ಪಾಸ್‌ವರ್ಡ್ ಎಂಬುದು. ವಿಂಡೋಸ್ ಯಾರನ್ನೂ ಕೇಳದೆ, ಆಗಲೇ ಲಾಗಿನ್ ಆಗಿರುವವರ ಹೆಸರು ಮತ್ತು ಗುಟ್ಟನ್ನು ಮುಂದಿಟ್ಟು ಸರ್ವರ್‌ನ ಕದ ತಟ್ಟುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಮಾತ್ರ ಹೆಸರು ಕೇಳುವ ಪೆಟ್ಟಿಗೆ ತೆರೆಯುತ್ತದೆ. ಹಿಂದೆಂದೋ ‘ನೆನಪಿಟ್ಟುಕೋ’ ಎಂದು ಗುರುತು ಹಾಕಿದ್ದರೆ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಹಳೆಯ ಪಾಸ್‌ವರ್ಡ್ ಹೋಗುತ್ತದೆ. ಪಾಸ್‌ವರ್ಡ್ ಬದಲಿಸಿದ ಮರುದಿನ ಬೆಳಿಗ್ಗೆ ಬರುವ ದೂರುಗಳ ಮೂಲ ಹೆಚ್ಚಾಗಿ ಅಲ್ಲೇ ಇರುತ್ತದೆ. ಹಿಂದಿನ ಸಂಜೆವರೆಗೆ ತೆರೆದೇ ಇದ್ದ ಸಂಪರ್ಕ ಮುರಿದಿರುವುದಿಲ್ಲ, ಹಾಗಾಗಿ ತೊಂದರೆ ಒಂದು ರಾತ್ರಿ ತಡವಾಗಿ ಕಾಣಿಸಿಕೊಳ್ಳುತ್ತದೆ.

ಸಾಂಬಾ ಸರ್ವರ್‌ನಲ್ಲಿ ಈ ಮೌನದ ಪ್ರಯತ್ನಕ್ಕೆ ಇನ್ನೊಂದು ಸುಳಿ ಸೇರುತ್ತದೆ. ಡೆಬಿಯನ್ ಮತ್ತು ಉಬುಂಟು ಜೊತೆಗೆ ಬರುವ ಸಾಂಬಾ ಸೆಟ್ಟಿಂಗ್ ಕಡತದಲ್ಲಿ, ಗೊತ್ತಿಲ್ಲದ ಹೆಸರಿನವರು ಬಂದರೆ ಅವರನ್ನು ಅತಿಥಿಯೆಂದು ಪರಿಗಣಿಸು ಎಂಬ ಸಾಲು ಮೊದಲೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ‘ಅಕೌಂಟ್ಸ್’ ಎಂಬ ಹೆಸರಿನಲ್ಲಿ ಕುಳಿತವರು ಸರ್ವರ್ ತೆರೆಯುತ್ತಾರೆ ಎಂದಿಟ್ಟುಕೊಳ್ಳಿ, ಸರ್ವರ್‌ನಲ್ಲಿ ಆ ಹೆಸರಿನ ಖಾತೆ ಇಲ್ಲ. ಅತಿಥಿಗಳನ್ನು ಒಪ್ಪುವಂತೆ ಲ್ಯಾಪ್‌ಟಾಪ್ ಹೊಂದಿಸಲ್ಪಟ್ಟಿದ್ದರೆ ಹೆಸರು ಕೇಳುವ ಪೆಟ್ಟಿಗೆ ಬರುವುದೇ ಇಲ್ಲ, ಶೇರ್‌ಗಳ ಪಟ್ಟಿ ಸಲೀಸಾಗಿ ಕಾಣುತ್ತದೆ. ಒಳಗಿನ ಫೋಲ್ಡರ್ ಒತ್ತಿದಾಗ ಮಾತ್ರ ಪ್ರವೇಶ ಇಲ್ಲ ಎಂಬ ಉತ್ತರ. ಆಗ ಸರಿಯಾದ ಹೆಸರು ಕೊಟ್ಟು ಮತ್ತೆ ಪ್ರಯತ್ನಿಸಿದರೆ ದೋಷ 1219 ಎದುರಾಗುತ್ತದೆ. ಒಂದೇ ಸರ್ವರ್‌ಗೆ ಒಬ್ಬರೇ ಎರಡು ಹೆಸರಿನಲ್ಲಿ ಸಂಪರ್ಕ ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ಅರ್ಥ. ಕೊಟ್ಟ ಹೆಸರೂ ಸರಿ, ಪಾಸ್‌ವರ್ಡೂ ಸರಿ, ಆದರೂ ಪ್ರವೇಶವಿಲ್ಲ. ‘ನೆಟ್ ಯೂಸ್’ ಕಮಾಂಡ್‌ನಿಂದ ಹಳೆಯ ಸಂಪರ್ಕಗಳನ್ನೆಲ್ಲ ಅಳಿಸಿ, ಉಳಿಸಿಟ್ಟ ಗುರುತುಗಳನ್ನೂ ತೆಗೆದು, ಮೊದಲ ಸಲವೇ ಸರಿಯಾದ ಹೆಸರಿನಿಂದ ಹೋದರೆ ಕೆಲಸ ಆಗುತ್ತದೆ. ಸರ್ವರ್‌ನ ಆ ಒಂದು ಸಾಲನ್ನು ತೆಗೆದುಹಾಕಿದರೆ ಗೊಂದಲ ಬುಡದಲ್ಲೇ ನಿಲ್ಲುತ್ತದೆ.

ಸಾಂಬಾದ ಇನ್ನೊಂದು ವಿಶೇಷ ಹೊಸಬರನ್ನು ತಪ್ಪದೆ ಕೆಡವುತ್ತದೆ. ಲಿನಕ್ಸ್‌ನಲ್ಲಿ ಖಾತೆ ತೆರೆದು ಪಾಸ್‌ವರ್ಡ್ ಕೊಟ್ಟರೆ ಸಾಂಬಾಕ್ಕೆ ಅದು ತಿಳಿಯುವುದಿಲ್ಲ. ಲಿನಕ್ಸ್ ತನ್ನ ಪಾಸ್‌ವರ್ಡನ್ನು ಒಂದು ಬಗೆಯ ಹ್ಯಾಶ್ ಆಗಿ ಇಡುತ್ತದೆ, ವಿಂಡೋಸ್ ರೀತಿಯ ಪರೀಕ್ಷೆಗೆ ಬೇಕಾದ ಹ್ಯಾಶ್ ಬೇರೆಯದೇ, ಮತ್ತು ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲು ಬರುವುದಿಲ್ಲ. ಹೀಗಾಗಿ ಸಾಂಬಾ ಸ್ವಂತ ಪಾಸ್‌ವರ್ಡ್ ಕೋಶವನ್ನು ಇಟ್ಟುಕೊಳ್ಳುತ್ತದೆ. ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ ಕಮಾಂಡ್‌ನಿಂದ ಅಲ್ಲಿಗೆ ಬಳಕೆದಾರರನ್ನು ಪ್ರತ್ಯೇಕವಾಗಿ ಸೇರಿಸಬೇಕು. ಒಂದು ಕಡೆ ಬದಲಿಸಿದ ಪಾಸ್‌ವರ್ಡ್ ಇನ್ನೊಂದು ಕಡೆ ಹಳೆಯದಾಗಿಯೇ ಉಳಿಯುವುದು ಇಲ್ಲಿ ದಿನನಿತ್ಯದ ಸಂಗತಿ.

ವಿಂಡೋಸ್ ಯಂತ್ರವನ್ನೇ ಸರ್ವರ್ ಮಾಡಿಕೊಂಡ ಸಣ್ಣ ಕಚೇರಿಗಳಲ್ಲಿ ಪಿನ್ ದೊಡ್ಡ ಬಲೆ. ನಾಲ್ಕು ಅಂಕಿಯ ಪಿನ್ ಆ ಒಂದು ಯಂತ್ರದ ಮುಂದೆ ಕುಳಿತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ಬಂದವರಿಗೆ ಅದು ನಡೆಯದು. ಮೈಕ್ರೋಸಾಫ್ಟ್ ಖಾತೆಯಿಂದ ಕೆಲಸ ಮಾಡುವವರಿಗೆ ಆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು, ವರ್ಷಗಟ್ಟಲೆ ಪಿನ್ ಒತ್ತಿದವರಿಗೆ ಅದು ಮರೆತೇ ಹೋಗಿರುತ್ತದೆ. ಪಾಸ್‌ವರ್ಡೇ ಇಲ್ಲದ ಖಾತೆಯೂ ಹಾಗೆಯೇ: ಖಾಲಿ ಪಾಸ್‌ವರ್ಡ್‌ನಿಂದ ನೆಟ್‌ವರ್ಕ್ ಮೂಲಕ ಬರುವುದನ್ನು ವಿಂಡೋಸ್ ಮೊದಲಿನಿಂದಲೇ ತಡೆದಿಟ್ಟಿರುತ್ತದೆ, ದೋಷ 1327 ಅದನ್ನೇ ಹೇಳುತ್ತದೆ. ಇಂಥ ಕಡೆ ಹಂಚಿಕೆಗೆಂದೇ ಒಂದು ಲೋಕಲ್ ಖಾತೆ ತೆರೆದು, ಲಾಗಿನ್ ಪೆಟ್ಟಿಗೆಯಲ್ಲಿ ಸರ್ವರ್‌ನ ಹೆಸರು, ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಖಾತೆಯ ಹೆಸರು ಎಂಬ ಕ್ರಮದಲ್ಲಿ ಟೈಪ್ ಮಾಡುವುದು ಉತ್ತಮ. ಬರೀ ಹೆಸರು ಕೊಟ್ಟರೆ ಅದು ಯಾವ ಯಂತ್ರದ, ಯಾವ ಡೊಮೇನ್‌ನ ಹೆಸರು ಎಂಬುದನ್ನು ಊಹೆಗೆ ಬಿಟ್ಟಂತೆ.

ಟೈಪಿಂಗ್ ತಪ್ಪುಗಳನ್ನು ತಾತ್ಸಾರ ಮಾಡುವಂತಿಲ್ಲ. ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಕಚೇರಿಗಳಲ್ಲಿ ಕೀಬೋರ್ಡ್ ಕನ್ನಡ ವಿನ್ಯಾಸದಲ್ಲೇ ಉಳಿದಿರುವಾಗ ಪಾಸ್‌ವರ್ಡ್ ಒತ್ತಿದರೆ ಚುಕ್ಕೆಗಳ ಹಿಂದೆ ಬೇರೆಯೇ ಅಕ್ಷರಗಳು ಕೂರುತ್ತವೆ, ಕ್ಯಾಪ್ಸ್ ಲಾಕ್‌ನಂತೆ ಎಚ್ಚರಿಕೆಯೂ ಬಾರದು. ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ಟೈಪ್ ಮಾಡಿ ಕಣ್ಣಿಂದ ನೋಡಿ ಅಳಿಸುವುದು ಹಳೆಯ ಉಪಾಯ, ಈಗಲೂ ಫಲಕಾರಿ. ಲಿನಕ್ಸ್‌ನ ಮೌಂಟ್ ಕಮಾಂಡ್‌ನಲ್ಲಿ ಅಲ್ಪವಿರಾಮವಿರುವ ಪಾಸ್‌ವರ್ಡ್ ಕೊಟ್ಟರೆ, ಅಲ್ಪವಿರಾಮದ ನಂತರದ ಭಾಗವನ್ನು ಅದು ಬೇರೊಂದು ಆಯ್ಕೆ ಎಂದು ಓದಿಕೊಳ್ಳುತ್ತದೆ. ಪಾಸ್‌ವರ್ಡನ್ನು ಪ್ರತ್ಯೇಕ ಕಡತದಲ್ಲಿಟ್ಟು ಸೂಚಿಸಿದರೆ ಈ ತೊಡಕಿಲ್ಲ.

ಡೊಮೇನ್ ಇರುವ ದೊಡ್ಡ ಸಂಸ್ಥೆಗಳಲ್ಲಿ ಗುರುತಿನ ಪರೀಕ್ಷೆ ಕರ್ಬರೋಸ್ ಮೂಲಕ ನಡೆಯುತ್ತದೆ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಪಾಸ್‌ವರ್ಡ್ ಸರ್ವರ್‌ವರೆಗೆ ಹೋಗುವುದೇ ಇಲ್ಲ. ಡೊಮೇನ್ ಕಂಟ್ರೋಲರ್ ಕೊಟ್ಟ, ಸಮಯದ ಮುದ್ರೆಯಿರುವ ಟಿಕೆಟ್ ಹೋಗುತ್ತದೆ. ಹೀಗಾಗಿ ಇದರ ತೊಂದರೆಗಳು ಎರಡು ಕಡೆಯಿಂದ ಬರುತ್ತವೆ, ಗಡಿಯಾರದಿಂದ ಮತ್ತು ಹೆಸರಿನಿಂದ. ಯಂತ್ರಗಳ ಗಡಿಯಾರದ ನಡುವೆ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಟಿಕೆಟ್ ತಿರಸ್ಕಾರವಾಗುತ್ತದೆ. ಮದರ್‌ಬೋರ್ಡ್‌ನ ಬಿಲ್ಲೆ ಬ್ಯಾಟರಿ ಸತ್ತ ಡೆಸ್ಕ್‌ಟಾಪ್ ಪ್ರತಿ ಬೆಳಿಗ್ಗೆ ವರ್ಷಗಳ ಹಿಂದಕ್ಕೆ ಹೋಗಿ ನಿಲ್ಲುವುದು ಒಂದು ಬಗೆ. ಅದಕ್ಕಿಂತ ಕಷ್ಟದ್ದು, ಪರದೆಯ ಮೇಲಿನ ಸಮಯ ಗೋಡೆ ಗಡಿಯಾರಕ್ಕೆ ಸರಿಹೊಂದಿಯೂ ಟೈಮ್ ಝೋನ್ ತಪ್ಪಿರುವುದು. ಕರ್ಬರೋಸ್ ಹೋಲಿಸುವುದು ಅಂತರರಾಷ್ಟ್ರೀಯ ಸಮಯವನ್ನು. ಝೋನ್ ಯುಟಿಸಿಯಲ್ಲಿರುವಾಗ ಯಾರೋ ಮುಳ್ಳನ್ನು ಮಾತ್ರ ಭಾರತೀಯ ಸಮಯಕ್ಕೆ ತಿರುಗಿಸಿದ್ದರೆ, ಕಣ್ಣಿಗೆ ಎಲ್ಲ ಸರಿಯಾಗಿ ಕಂಡರೂ ಒಳಗೆ ಐದೂವರೆ ಗಂಟೆ ವ್ಯತ್ಯಾಸ.

ಟಿಕೆಟ್ ಕೊಡುವುದು ಸರ್ವರ್‌ನ ಹೆಸರಿಗೆ. ಸರ್ವರ್‌ಗೆ ಡಿಎನ್‌ಎಸ್‌ನಲ್ಲಿ ಹೊಸ ಅಡ್ಡಹೆಸರು ಕೊಟ್ಟು ಅದನ್ನು ಡೊಮೇನ್‌ನಲ್ಲಿ ನೋಂದಾಯಿಸದಿದ್ದರೆ ಆ ಹೆಸರಿಗೆ ಟಿಕೆಟ್ ಸಿಗದು. ಆಗ ಹಲವರು ಐಪಿ ವಿಳಾಸ ಹಾಕಿ ನೋಡುತ್ತಾರೆ, ಸರ್ವರ್ ತೆರೆದುಕೊಳ್ಳುತ್ತದೆ, ಸಮಸ್ಯೆ ಮುಗಿಯಿತೆಂದು ಬಿಡುತ್ತಾರೆ. ಐಪಿ ಹಾಕಿದಾಗ ಯಂತ್ರಗಳು ಸಾಮಾನ್ಯವಾಗಿ ಕರ್ಬರೋಸ್ ಬಿಟ್ಟು ಹಳೆಯ ಎನ್‌ಟಿಎಲ್‌ಎಂ ಪದ್ಧತಿಗೆ ಇಳಿಯುತ್ತವೆ. ಕಾಯಿಲೆ ಹಾಗೆಯೇ ಇರುತ್ತದೆ, ಲಕ್ಷಣ ಮಾತ್ರ ಮರೆಯಾಗುತ್ತದೆ. ಎನ್‌ಟಿಎಲ್‌ಎಂ ಅನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2024ರಲ್ಲಿ ಘೋಷಿಸಿದೆ, ಆದ್ದರಿಂದ ಈ ಅಡ್ಡದಾರಿಯ ಆಯುಷ್ಯವೂ ಹೆಚ್ಚಿಲ್ಲ. ಐಪಿಯಿಂದ ಸಾಧ್ಯವಾಗಿ ಹೆಸರಿನಿಂದ ಸಾಧ್ಯವಾಗದಿದ್ದರೆ ಅದು ಪರಿಹಾರವಲ್ಲ, ದೋಷ ಹೆಸರಿನ ಕಡೆ ಅಥವಾ ಟಿಕೆಟ್‌ನ ಕಡೆ ಇದೆ ಎಂಬ ಪುರಾವೆ.

ಬಳಕೆದಾರರಂತೆ ಯಂತ್ರಕ್ಕೂ ಡೊಮೇನ್‌ನಲ್ಲಿ ಒಂದು ಖಾತೆ, ಒಂದು ಪಾಸ್‌ವರ್ಡ್ ಇದೆ. ವಿಂಡೋಸ್ ಅದನ್ನು ಸುಮಾರು 30 ದಿನಕ್ಕೊಮ್ಮೆ ತಾನೇ ಬದಲಿಸಿಕೊಳ್ಳುತ್ತದೆ. ವರ್ಚುವಲ್ ಸರ್ವರ್ ಒಂದನ್ನು ಎರಡು ತಿಂಗಳ ಹಿಂದಿನ ಸ್ನ್ಯಾಪ್‌ಶಾಟ್‌ಗೆ ಮರಳಿಸಿದರೆ ಅದರ ಬಳಿ ಹಳೆಯ ಪಾಸ್‌ವರ್ಡ್ ಉಳಿದು, ಡೊಮೇನ್ ಅದನ್ನು ಗುರುತಿಸದೆ ಎಲ್ಲರ ಲಾಗಿನ್ ಒಟ್ಟಿಗೇ ನಿಲ್ಲುತ್ತದೆ. ಒಬ್ಬರಿಗೆ ಮಾತ್ರ ತೊಂದರೆಯೋ ಎಲ್ಲರಿಗೂ ತೊಂದರೆಯೋ ಎಂಬ ಪ್ರಶ್ನೆಯನ್ನು ಆರಂಭದಲ್ಲೇ ಕೇಳಿಕೊಂಡರೆ ಇಂಥ ಪ್ರಕರಣಗಳು ಬೇಗ ಬಯಲಾಗುತ್ತವೆ.

ಪಾಸ್‌ವರ್ಡ್ ಸರಿಯಿದ್ದೂ ಖಾತೆಯೇ ನಿಂತಿರುವ ಸಂದರ್ಭಗಳು ಬೇರೆ. ಅವಧಿ ಮೀರಿದ ಪಾಸ್‌ವರ್ಡ್, ನಿಷ್ಕ್ರಿಯ ಮಾಡಿದ ಖಾತೆ ಇವೆಲ್ಲ ನೋಡಿದರೆ ತಿಳಿಯುವಂಥವು. ಹೊಸ ಉದ್ಯೋಗಿಯ ಖಾತೆಗೆ ‘ಮೊದಲ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಬೇಕು’ ಎಂಬ ಷರತ್ತಿದ್ದು, ಅವರು ಡೊಮೇನ್ ಯಂತ್ರದಲ್ಲಿ ಕೂರದೆ ಸ್ವಂತ ಲ್ಯಾಪ್‌ಟಾಪ್‌ನಿಂದ ನೇರ ಶೇರ್‌ಗೆ ಬಂದರೆ ಬದಲಿಸಲು ಅವಕಾಶವೇ ಸಿಗದೆ ನಿರಾಕರಣೆ ಮಾತ್ರ ಸಿಗುತ್ತದೆ. ನಿಜಕ್ಕೂ ಬೆನ್ನು ಹತ್ತಬೇಕಾದದ್ದು ಮತ್ತೆ ಮತ್ತೆ ಲಾಕ್ ಆಗುವ ಖಾತೆ. ತಪ್ಪು ಪಾಸ್‌ವರ್ಡ್ ಕಳಿಸುತ್ತಿರುವುದು ಹೆಚ್ಚಾಗಿ ಮನುಷ್ಯರಲ್ಲ, ಫೋನ್‌ನಲ್ಲಿ ಉಳಿದ ಹಳೆಯ ಇಮೇಲ್ ಸೆಟ್ಟಿಂಗ್, ರಾತ್ರಿ ಓಡುವ ಬ್ಯಾಕಪ್ ಕೆಲಸ, ಇನ್ನೊಂದು ಕೋಣೆಯಲ್ಲಿ ಲಾಗೌಟ್ ಆಗದೆ ಉಳಿದ ಕಂಪ್ಯೂಟರ್, ಅಥವಾ ಅದೇ ಜೆರಾಕ್ಸ್ ಯಂತ್ರದ ವಿಳಾಸ ಪುಸ್ತಕ. ಅನ್‌ಲಾಕ್ ಮಾಡಿದಷ್ಟೂ ಅವು ಮತ್ತೆ ಲಾಕ್ ಮಾಡುತ್ತವೆ. ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4740 ಎಂಬ ದಾಖಲೆ ಯಾವ ಯಂತ್ರದಿಂದ ಆ ಪ್ರಯತ್ನ ಬಂತು ಎಂದು ಹೆಸರಿಸುತ್ತದೆ, ಹುಡುಕಾಟ ಅಲ್ಲಿಂದ ಆರಂಭವಾಗಬೇಕು.

ಬಳಕೆದಾರರಿಗೆ ಮುಚ್ಚಿಟ್ಟದ್ದನ್ನು ಸರ್ವರ್ ತನ್ನ ಲಾಗ್‌ನಲ್ಲಿ ಬಿಚ್ಚಿ ಬರೆದಿರುತ್ತದೆ. ಆಡಿಟಿಂಗ್ ಆನ್ ಇದ್ದರೆ ವಿಂಡೋಸ್ ಸರ್ವರ್‌ನಲ್ಲಿ ಪ್ರತಿ ವಿಫಲ ಲಾಗಿನ್‌ಗೆ 4625 ಎಂಬ ದಾಖಲೆ ಬೀಳುತ್ತದೆ. ಲಾಗಿನ್ ಬಗೆ 3 ಎಂದಿದ್ದರೆ ಅದು ನೆಟ್‌ವರ್ಕ್ ಮೂಲಕ ಬಂದದ್ದು. ಅದರ ಉಪಸಂಕೇತದ ಕೊನೆಯಲ್ಲಿ 64 ಇದ್ದರೆ ಅಂಥ ಖಾತೆಯೇ ಇಲ್ಲ, 6ಎ ಇದ್ದರೆ ಹೆಸರು ಸರಿ ಪಾಸ್‌ವರ್ಡ್ ತಪ್ಪು, 72 ಇದ್ದರೆ ಖಾತೆ ನಿಷ್ಕ್ರಿಯ, 234 ಇದ್ದರೆ ಲಾಕ್ ಆಗಿದೆ. ಪರದೆಯ ಮೇಲೆ ಒಂದೇ ಸಂದೇಶವಾಗಿ ಕಂಡದ್ದು ಇಲ್ಲಿ ಬಿಡಿಬಿಡಿಯಾಗುತ್ತದೆ. ಸಾಂಬಾದಲ್ಲಿ ಲಾಗ್ ಮಟ್ಟವನ್ನು 3ಕ್ಕೆ ಏರಿಸಿ ಒಮ್ಮೆ ಪ್ರಯತ್ನಿಸಿದರೆ ಇಂಥದ್ದೇ ವಿವರ ಸಿಗುತ್ತದೆ, ಕೆಲಸ ಮುಗಿದ ಮೇಲೆ ಇಳಿಸಲು ಮರೆತರೆ ಡಿಸ್ಕ್ ತುಂಬುತ್ತದೆ. ಲಾಗ್‌ನಲ್ಲಿ ಆ ಪ್ರಯತ್ನದ ಸುಳಿವೇ ಇಲ್ಲದಿದ್ದರೆ ಅದೂ ಒಂದು ಉತ್ತರ: ಮಾತುಕತೆ ಗುರುತಿನ ಮಜಲಿಗೆ ಬಂದೇ ಇಲ್ಲ, ಹಿಂದಿನ ಮಜಲುಗಳನ್ನೇ ಮತ್ತೆ ನೋಡಬೇಕು. ಲಾಗ್ ತೆರೆಯದೆ ಸೆಟ್ಟಿಂಗ್ ಬದಲಿಸುತ್ತ ಹೋಗುವುದು ಈ ವೃತ್ತಿಯ ಅತ್ಯಂತ ದುಬಾರಿ ಅಭ್ಯಾಸ.

2024ರ ಕೊನೆಯಲ್ಲಿ ಬಂದ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಮತ್ತೊಂದು ಸುತ್ತಿನ ದೂರುಗಳನ್ನು ಹುಟ್ಟಿಸಿತು. ವೃತ್ತಿಪರ ಆವೃತ್ತಿಗಳಲ್ಲಿ ಎಸ್‌ಎಂಬಿ ಸಂದೇಶಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು, ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ಪ್ರೊ ಆವೃತ್ತಿಯಲ್ಲೂ ನಿಂತಿತು. ರೂಟರ್‌ಗೆ ಯುಎಸ್‌ಬಿ ಡಿಸ್ಕ್ ಚುಚ್ಚಿ ಎಲ್ಲರಿಗೂ ತೆರೆದಿಟ್ಟವರಿಗೆ ಬಿಸಿ ತಟ್ಟಿದ್ದು ಆಗಲೇ. ಭದ್ರತಾ ನೀತಿ ತಡೆದಿದೆ ಎಂಬ 1272ನೇ ದೋಷ ಅತಿಥಿ ಪ್ರವೇಶದ್ದು. ಸಾಧನದಲ್ಲಿ ಹೆಸರು ಪಾಸ್‌ವರ್ಡ್ ಇರುವ ಖಾತೆ ತೆರೆದರೆ ಅದು ಹೋಗುತ್ತದೆ. ಸಹಿ ಬಾರದ ಹಳೆಯ ಸಾಧನಕ್ಕೆ ಫರ್ಮ್‌ವೇರ್ ಅಥವಾ ನಿವೃತ್ತಿ, ಎರಡರಲ್ಲೊಂದು.

ಲಾಗಿನ್ ಆದ ಮೇಲೂ ಫೋಲ್ಡರ್ ತೆರೆಯದಿದ್ದರೆ ಜನ ಅದನ್ನೂ ಲಾಗಿನ್ ವೈಫಲ್ಯವೆಂದೇ ಹೇಳುತ್ತಾರೆ. ದೋಷಸಂಖ್ಯೆ 5 ಬಂದರೆ ಗುರುತು ಒಪ್ಪಿತವಾಗಿದೆ, ಅನುಮತಿ ಇಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ವಿಂಡೋಸ್‌ನಲ್ಲಿ ಶೇರ್‌ಗೆ ಒಂದು ಅನುಮತಿ, ಒಳಗಿನ ಫೋಲ್ಡರ್‌ಗೆ ಇನ್ನೊಂದು, ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಬಳಕೆದಾರರನ್ನು ಹೊಸ ಗುಂಪಿಗೆ ಸೇರಿಸಿದರೂ ಲಾಗೌಟ್ ಆಗಿ ಮರಳಿ ಬರುವತನಕ ಅದು ಲೆಕ್ಕಕ್ಕೆ ಬಾರದು. ಗುಂಪುಗಳ ಪಟ್ಟಿ ಲಾಗಿನ್ ಹೊತ್ತಿನಲ್ಲೇ ಸಿದ್ಧವಾಗುವುದು ಇದಕ್ಕೆ ಕಾರಣ. ಲಿನಕ್ಸ್‌ನಲ್ಲಿ ಹಂಚಿದ ಫೋಲ್ಡರ್‌ಗೆ ಅನುಮತಿ ಇದ್ದರೆ ಸಾಲದು, ಅದರ ಮೇಲಿನ ಪ್ರತಿ ಫೋಲ್ಡರ್ ದಾಟುವ ಅನುಮತಿಯೂ ಬೇಕು. ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಎಸ್‌ಇ ಲಿನಕ್ಸ್ ಎಂಬ ಕಾವಲು ಬೇರೆ. ಸಾಂಬಾಕ್ಕೆಂದು ಗುರುತಿಸದ ಫೋಲ್ಡರನ್ನು ಅದು ಸಾಂಬಾಕ್ಕೆ ಮುಟ್ಟಗೊಡುವುದಿಲ್ಲ. ಅದನ್ನು ಪೂರ್ತಿ ಆಫ್ ಮಾಡಿಬಿಡುವ ರೂಢಿಗಿಂತ ಫೋಲ್ಡರ್‌ಗೆ ಸರಿಯಾದ ಲೇಬಲ್ ಕೊಡುವುದು ಎರಡು ಕಮಾಂಡ್‌ಗಳ ಕೆಲಸ.

ಇವು ಯಾವುವೂ ಅಲ್ಲದ ಒಂದು ನಿರಾಕರಣೆ ಉಳಿಯುತ್ತದೆ. ಸಾಮಾನ್ಯ ವಿಂಡೋಸ್ 10 ಅಥವಾ 11 ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡ ಕಚೇರಿಯಲ್ಲಿ ಬೆಳಿಗ್ಗೆ ಬೇಗ ಬಂದವರಿಗೆಲ್ಲ ಶೇರ್ ತೆರೆಯುತ್ತದೆ, ತಡವಾಗಿ ಬಂದವರಿಗೆ ಇಲ್ಲ. ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ಏಕಕಾಲಕ್ಕೆ 20 ಸಂಪರ್ಕಗಳಿಗೆ ಮಿತಿ ಇದೆ, 21ನೆಯವರಿಗೆ ದೋಷ 71. ಯಾರಾದರೂ ಊಟಕ್ಕೆ ಎದ್ದು ಅವರ ಸಂಪರ್ಕ ಕೆಲಹೊತ್ತು ಸುಮ್ಮನಿದ್ದು ಕಡಿದುಹೋದರೆ ಕಾದವರಿಗೆ ಒಮ್ಮೆಲೇ ತೆರೆದುಕೊಳ್ಳುತ್ತದೆ. ಮುಂಜಾನೆ ಪಾಸ್‌ವರ್ಡ್ ಬದಲಿಸಿ ಮಧ್ಯಾಹ್ನ ಸರಿಹೋದದ್ದಕ್ಕೆ ಆ ಬದಲಾವಣೆಯೇ ಕಾರಣವೆಂದು ಬರೆದಿಟ್ಟುಕೊಂಡ ಕಚೇರಿಗೆ ಇಲ್ಲಿ ಬೇಕಿರುವುದು ಸರ್ವರ್ ಲೈಸೆನ್ಸ್, ಅಥವಾ ಈ ಮಿತಿ ಇಲ್ಲದ ಸಾಂಬಾ.